ವಾರಸುದಾರರಿಲ್ಲದ ತಾತ

ನನ್ನ ಭಾವ ನಗರಸಭೆಯ ಕಳೆದುಹೋದ ವಸ್ತುಗಳ ವಿಭಾಗದಲ್ಲಿ ಗುಮಾಸ್ತರು. ವಿಭಾಗ ಎಂದ ಕೂಡಲೇ ಬಹಳ ದೊಡ್ಡದೇನೋ ಎಂದುಕೊಳ್ಳಬೇಡಿ. ನೆಲಮಾಳಿಗೆಯಲ್ಲಿ ಒಂದು ಕೋಣೆ, ಕೋಣೆಗೊಂದು ಕಿಟಕಿ, ಕಿಟಕಿಯ ಆಚೆ ವಸ್ತು ಕಳೆದುಕೊಂಡವರು, ಈಚೆ ನನ್ನ ಭಾವ. ನಡುವೆ ಅವರ ಒಂದೇ ಪ್ರಶ್ನೆ: "ಗುರುತೇನು?"

ಇಪ್ಪತ್ತೆರಡು ವರ್ಷ ಇದನ್ನೇ ಕೇಳಿ ಕೇಳಿ ಅವರಿಗೆ ಇಡೀ ಲೋಕದ ಮೇಲೆಯೇ ಅನುಮಾನ ಕೂತುಬಿಟ್ಟಿದೆ. ಕೊಡೆ ಕೇಳಿಕೊಂಡು ಬಂದವರು ಹಿಡಿಯ ಬಣ್ಣ ಹೇಳಬೇಕು, ಕಡ್ಡಿಗಳೆಷ್ಟು ಹೇಳಬೇಕು, ಎಲ್ಲಿ ತೇಪೆ ಬಿದ್ದಿದೆ, ಕೊನೆಯ ಸಲ ಯಾವ ಮಳೆಗೆ ಬಿಚ್ಚಿದ್ದು ಎಂಬುದನ್ನೂ ಹೇಳಬೇಕು. ಒಮ್ಮೆ ನಾನೇ ನನ್ನ ಊಟದ ಡಬ್ಬಿ ಕಳೆದುಕೊಂಡು ಅಲ್ಲಿಗೆ ಹೋಗಿದ್ದೆ. ನಮ್ಮ ಅಕ್ಕ ದಿನಾ ಬೆಳಿಗ್ಗೆ ಅವರ ಕಣ್ಣೆದುರಿಗೇ ತುಂಬಿಕೊಡುತ್ತಿದ್ದ ಡಬ್ಬಿ ಅದು. "ಮುಚ್ಚಳದ ಒಳಗಡೆ ಏನು ಗುರುತು?" ಎಂದರು. ನನಗೆ ಹೇಳಲಾಗಲಿಲ್ಲ. ಆರು ತಿಂಗಳೊಳಗೆ ವಾರಸುದಾರರು ಬಾರದ ವಸ್ತುವನ್ನು ಗುಜರಿಗೆ ಹಾಕಬೇಕು ಎಂಬುದು ಅಲ್ಲಿಯ ನಿಯಮ. ನನ್ನ ಡಬ್ಬಿ ಹಾಗೆಯೇ ಹೋಯಿತು.

ನಾನು ಅವರ ಹೆಂಡತಿಯ ತಮ್ಮ. ಬೀದಿಯ ತುದಿಯಲ್ಲಿ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ ಇಟ್ಟುಕೊಂಡಿದ್ದೇನೆ. ಈ ಕಥೆಯಲ್ಲಿ ನನ್ನ ತಪ್ಪೆಷ್ಟು ಎಂದು ಕೊನೆಗೆ ನೀವೇ ತೀರ್ಮಾನಿಸಿ. ನನ್ನ ಸಮರ್ಥನೆ ಮಾತ್ರ ಇಷ್ಟೇ: ಕಟ್ಟು ಹಾಕುವವನು ಚಿತ್ರ ನೋಡುವುದಿಲ್ಲ, ಅಂಚು ನೋಡುತ್ತಾನೆ.

ಎಲ್ಲ ಶುರುವಾದದ್ದು ಒಂದು ತಾಮ್ರದ ಫಲಕದಿಂದ. ಊರಿನ ಹಳೆಯ ಮನೆಗಳ ಹಳೆಯ ಫೋಟೋಗಳನ್ನು ಪ್ರದರ್ಶನಕ್ಕೆ ಇಡುತ್ತೇವೆ, ಇದ್ದವರು ತಂದುಕೊಡಿ, ಆಯ್ಕೆಯಾದ ಮನೆಯ ಗೋಡೆಗೆ 'ಪಾರಂಪರಿಕ ಕಟ್ಟಡ' ಎಂಬ ತಾಮ್ರದ ಫಲಕ ಹೊಡೆಸುತ್ತೇವೆ ಎಂದು ನಗರಸಭೆಯ ಗ್ರಂಥಾಲಯದವರು ಚೀಟಿ ಅಂಟಿಸಿದರು. ಭಾವ ಅದನ್ನು ಮೂರು ಸಲ ಓದಿದರು. ಪಕ್ಕದ ಮನೆಯ ಗಣಿತದ ಮೇಷ್ಟ್ರ ಗೇಟಿನ ಮೇಲೆ ಹಿತ್ತಾಳೆಯ ಬೋರ್ಡು ಇತ್ತು. ಅದರಲ್ಲಿ ಅವರ ಹೆಸರಿಗಿಂತ ಪದವಿಗಳೇ ಉದ್ದ. ಹನ್ನೊಂದು ವರ್ಷದಿಂದ ಆ ಹಿತ್ತಾಳೆ ನಮ್ಮ ಭಾವನ ಕಣ್ಣಿಗೆ ಹೊಳೆದು ಹೊಳೆದು ಚುಚ್ಚುತ್ತಿತ್ತು.

"ಹಿತ್ತಾಳೆಗಿಂತ ತಾಮ್ರ ಮೇಲಲ್ವೇನಯ್ಯ?" ಎಂದು ನನ್ನನ್ನು ಕೇಳಿದರು.

"ಪಾತ್ರೆಗೋ, ಗೋಡೆಗೋ ಭಾವ?" ಎಂದೆ. ಅವರಿಗೆ ಬೇಕಾದ ಉತ್ತರ ಅದಾಗಿರಲಿಲ್ಲ.

ಭಾವನ ಮನೆಯ ವಿಷಯ ಇಲ್ಲಿ ಸ್ವಲ್ಪ ಹೇಳಬೇಕು. ತಕ್ಕಡಿಯಲ್ಲಿ ತೂಗಿ ಕಟ್ಟಿದಂಥ ಮನೆ. ನಡುವೆ ಬಾಗಿಲು, ಆ ಕಡೆ ಒಂದು ಕಿಟಕಿ, ಈ ಕಡೆ ಅಂಥದೇ ಇನ್ನೊಂದು. ಬೀದಿಯಲ್ಲಿ ನಿಂತು ನೋಡಿದರೆ ಎಡಕ್ಕೆ ಆಮೇಲೆ ಸೇರಿಸಿ ಕಟ್ಟಿದ ನಮ್ಮ ಅಕ್ಕನ ಹೊಲಿಗೆ ಕೋಣೆ, ಬಲಕ್ಕೆ ಮೇಷ್ಟ್ರ ಅಡುಗೆಮನೆ. ಅಡುಗೆಮನೆ ನಮ್ಮ ಗೋಡೆಗೆ ಎಷ್ಟು ಅಂಟಿಕೊಂಡಿದೆ ಎಂದರೆ, ಅಲ್ಲಿ ಅವರ ಹೆಂಡತಿ ಈರುಳ್ಳಿ ಹೆಚ್ಚಿದರೆ ಇಲ್ಲಿ ಭಾವನ ಕಣ್ಣಲ್ಲಿ ನೀರು.

ಅಟ್ಟದ ಮೇಲಿನ ಟ್ರಂಕಿನಲ್ಲಿ ಭಾವನ ತಾತನ ಕಾಲದ ಗಾಜಿನ ಪಟ್ಟಿಯೊಂದು ಬಟ್ಟೆಯಲ್ಲಿ ಸುತ್ತಿಟ್ಟಿತ್ತು. ಆಗಿನ ಕಾಲದಲ್ಲಿ ಫೋಟೋ ತೆಗೆಯುತ್ತಿದ್ದುದು ಗಾಜಿನ ಮೇಲೆ. ಕಚ್ಚಾ ಚಿತ್ರ ಗಾಜಿನಲ್ಲಿ ನಿಲ್ಲುತ್ತಿತ್ತು, ಅದರಿಂದ ಕಾಗದಕ್ಕೆ ಇಳಿಸಿಕೊಳ್ಳುತ್ತಿದ್ದರು. ಭಾವ ಅದನ್ನು ಸ್ಟುಡಿಯೋಗೆ ಒಯ್ದರು. ಸ್ಟುಡಿಯೋದ ಹಳೆಯ ಯಜಮಾನರು ತೀರಿಕೊಂಡು ಈಗ ಅವರ ಅಳಿಯ ಅದನ್ನು ನಡೆಸುತ್ತಿದ್ದ. ಐದು ನಿಮಿಷದಲ್ಲಿ ಅರ್ಜಿಗೆ ಅಂಟಿಸುವ ಫೋಟೋ ತೆಗೆದುಕೊಡುವುದರಲ್ಲಿ ನಿಸ್ಸೀಮ. ಗಾಜನ್ನು ಕೈಯಲ್ಲಿ ಹಿಡಿದದ್ದು ಅದೇ ಮೊದಲು.

"ಇದನ್ನ ಯಾವ ಕಡೆಯಿಂದ ಇಳಿಸ್ಬೇಕು ಸಾರ್?" ಎಂದು ಕೇಳಿದ.

"ಮುಂದಿನ ಕಡೆಯಿಂದ," ಎಂದರು ಭಾವ, ಹುಟ್ಟಿದಾಗಿನಿಂದ ಗಾಜನ್ನೇ ಇಳಿಸಿಕೊಂಡು ಬಂದವರ ಹಾಗೆ.

ಫೋಟೋ ಬಂತು. ನಾನು ಕಟ್ಟು ಹಾಕಿದೆ. ನಡುವೆ ಮನೆ, ಅದೇ ಬಾಗಿಲು, ಅವೇ ಎರಡು ಕಿಟಕಿ. ಬಾಗಿಲಲ್ಲಿ ಉದ್ದ ಕೋಟು ತೊಟ್ಟು ಊರುಗೋಲು ಹಿಡಿದ ಒಬ್ಬ ಮುದುಕರು. ಮನೆಯ ಎಡಕ್ಕೆ ಜನ ಓಡಾಡುವ ಸಣ್ಣ ಓಣಿ. ಬಲಕ್ಕೆ ಕಾಂಪೌಂಡ್ ಗೋಡೆಯ ಒಳಗೆ ಒಂದಿಷ್ಟು ಖಾಲಿ ಜಾಗ. "ನೋಡು, ನಮ್ಮ ತಾತ. ಮೂಗು ನೋಡು," ಎಂದು ಭಾವ ತಮ್ಮ ಮೂಗನ್ನು ಚಿತ್ರದ ಪಕ್ಕ ಹಿಡಿದರು. ಮೂಗಿನ ವಿಷಯದಲ್ಲಿ ಅನುಮಾನವಿರಲಿಲ್ಲ. ತಾತ ಹೋದದ್ದು ಭಾವ ಹುಟ್ಟುವುದಕ್ಕೆ ಮುಂಚೆ. ಅವರದೊಂದು ಫೋಟೋ ಇದೆಯೆಂದೇ ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಭಾವ ಆ ದಿನ ಕಟ್ಟಿನ ಗಾಜನ್ನು ಅಂಗಿಯ ತುದಿಯಿಂದ ನಾಲ್ಕು ಸಲ ಒರೆಸಿದರು.

ಆಮೇಲೆ ಕೂತು ಗ್ರಂಥಾಲಯಕ್ಕೆ ಪತ್ರ ಬರೆದರು: "ಚಿತ್ರದಲ್ಲಿ ಕಾಣುವ ಮನೆ ನನ್ನದು. ನಿಂತಿರುವವರು ನನ್ನ ತಾತನವರು. ಸದರಿ ಮನೆಯು ಅಂದಿನಿಂದ ಇಂದಿನವರೆಗೆ ಒಂದಂಗುಲವೂ ವ್ಯತ್ಯಾಸವಾಗದೆ ಯಥಾಸ್ಥಿತಿಯಲ್ಲಿದೆ ಎಂದು ದೃಢೀಕರಿಸುತ್ತೇನೆ." ಸಹಿ ಹಾಕಿ ಕೆಳಗೆ ಎರಡು ಗೆರೆ ಎಳೆದರು. ಆ 'ಒಂದಂಗುಲ'ವನ್ನು ಬರೆಯದಿದ್ದರೆ ಏನೂ ಆಗುತ್ತಿರಲಿಲ್ಲ.

ಪ್ರದರ್ಶನದ ದಿನ ಗ್ರಂಥಾಲಯದಲ್ಲಿ ನಲವತ್ತು ಮನೆಗಳ ಫೋಟೋಗಳಿದ್ದವು. ಉಳಿದ ಮೂವತ್ತೊಂಬತ್ತರ ಪಕ್ಕ ಚೀಟಿ ಮಾತ್ರ ಇತ್ತು, ನಮ್ಮದರ ಪಕ್ಕ ಭಾವ ಇದ್ದರು. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬಂದವರಿಗೆಲ್ಲ ಮೊದಲು ಚಿತ್ರ, ಆಮೇಲೆ ಮೂಗು ತೋರಿಸುತ್ತಿದ್ದರು.

ಮೊದಲ ಅಪಶಕುನ ಮನೆಯವರಿಂದಲೇ ಬಂತು. ಭಾವನ ಸೋದರತ್ತೆಗೆ ಎಂಬತ್ತನಾಲ್ಕು ವರ್ಷ. ಚಿತ್ರದಲ್ಲಿರುವ ಮುದುಕರ ಸ್ವಂತ ಮಗಳು. ನಾವೆಲ್ಲ ಅವರನ್ನು ಅತ್ತೆ ಎಂದೇ ಕರೆಯುವುದು. ಅವರನ್ನು ಕೈಹಿಡಿದು ಕರೆತಂದು ಚಿತ್ರದ ಮುಂದೆ ನಿಲ್ಲಿಸಿದೆವು. ಅತ್ತೆ ಕನ್ನಡಕ ಹಾಕಿ ನೋಡಿದರು, ತೆಗೆದು ನೋಡಿದರು.

"ಇದು ನಮ್ಮಪ್ಪ ಅಲ್ಲ," ಎಂದರು.

ಭಾವ ಸುತ್ತ ನೋಡಿ ದನಿ ತಗ್ಗಿಸಿದರು. "ಸರಿಯಾಗಿ ನೋಡಿ ಅತ್ತೆ. ಮೂಗು ನೋಡಿ."

"ಮೂಗು ನಮ್ಮಪ್ಪಂದೇ. ಕಿವಿ ಅಲ್ಲ. ನಮ್ಮಪ್ಪನ ಬಲಗಿವಿ ತುದಿ ಹರಿದಿತ್ತು, ಕುದುರೆ ಕಚ್ಚಿ. ಇವನಿಗೆ ಎಡಗಿವಿ ಹರಿದಿದೆ."

"ವಯಸ್ಸಾದ ಮೇಲೆ ಎಡ ಬಲ ಮರೆತುಹೋಗುತ್ತೆ ಅತ್ತೆ."

"ನನಗೆ ಮರೆತಿರಬಹುದು ಕಣೋ. ಕುದುರೆಗೆ ಮರೆಯುತ್ತಾ?" ಎಂದು ಅತ್ತೆ ಇನ್ನಷ್ಟು ಹತ್ತಿರ ಹೋದರು. "ಊರುಗೋಲು ಬೇರೆ ಎಡಗೈಲಿ ಹಿಡ್ಕೊಂಡಿದಾನೆ. ನಮ್ಮಪ್ಪನ ಮೂಗಿಟ್ಕೊಂಡು ನಮ್ಮಪ್ಪನ ಮನೆ ಬಾಗಿಲಲ್ಲಿ ನಿಂತಿರೋ ಇವನು ಯಾರು?"

ಇದಕ್ಕೆ ಉತ್ತರ ಹುಡುಕುವಷ್ಟರಲ್ಲಿ ನಮ್ಮ ಅಕ್ಕ ಬಾಯಿ ಹಾಕಿದಳು. ಅವಳ ಕಣ್ಣು ಮುಖ ನೋಡುವುದಿಲ್ಲ, ಬಟ್ಟೆ ನೋಡುತ್ತದೆ. "ರೀ, ಈ ಕೋಟಿನ ಗುಂಡಿ ನೋಡಿದ್ರಾ? ಗಂಡಸರ ಕೋಟಲ್ಲಿ ಎಡಗಡೆ ಮಡಿಕೆ ಮೇಲೆ ಬರುತ್ತೆ. ಇಲ್ಲಿ ಬಲಗಡೆದು ಮೇಲಿದೆ. ಇದು ಹೆಂಗಸರ ಕೋಟು."

ಸುತ್ತ ನಿಂತಿದ್ದ ನಾಲ್ಕೈದು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಪ್ಪು ಕಿವಿ ಹರಿದ, ಹೆಂಗಸರ ಕೋಟಿನ ಮುದುಕನೊಬ್ಬ ಬೇರೆಯವರ ಬಾಗಿಲಲ್ಲಿ ನಿಂತಿದ್ದಾನೆ ಎಂದ ಮೇಲೆ ಮರ್ಯಾದಸ್ಥ ಕುಟುಂಬದ ಬಗ್ಗೆ ಏನೇನು ಯೋಚಿಸಬಹುದೋ ಅದನ್ನೆಲ್ಲ ಅವರು ಅಲ್ಲೇ ಯೋಚಿಸಿಬಿಟ್ಟರು. ಭಾವ, "ತಾತ ಬಹಳ ಮಿತವ್ಯಯದವರು, ಸಿಕ್ಕಿದ್ದನ್ನ ತೊಡ್ತಿದ್ರು," ಎಂದು ಮಾತನ್ನು ಜಾರಿಸಿದರು.

ಮಾತು ಜಾರಿಸಲು ಅವರು ಆರಿಸಿಕೊಂಡ ದಿಕ್ಕು ಮಾತ್ರ ಸರಿಯಿರಲಿಲ್ಲ. ಗಣಿತದ ಮೇಷ್ಟ್ರು ಆಗತಾನೆ ಒಳಗೆ ಬಂದಿದ್ದರು. ಅವರಿಗೆ ಕೇಳುವ ಹಾಗೆ ಭಾವ ಚಿತ್ರದ ಬಲಭಾಗಕ್ಕೆ ಬೆರಳಿಟ್ಟು, "ನೋಡಿ, ಕಾಂಪೌಂಡಿನ ಒಳಗಿನ ಈ ಖಾಲಿ ಜಾಗ ನಮ್ಮ ತಾತಂದು. ಈಗ ಇಲ್ಲಿ ಯಾರದೋ ಒಲೆ ಉರೀತಿದೆ. ಇರಲಿ, ನಾವು ಕೇಳೋಕೆ ಹೋಗಲ್ಲ," ಎಂದರು.

ಮೇಷ್ಟ್ರು ಏನೂ ಅನ್ನಲಿಲ್ಲ. ನಾನು ಅವರ ಬಳಿ ಓದಿದವನು. ಅವರು ಬೈಯುತ್ತಿದ್ದರೆ ಭಯವಿಲ್ಲ, ಸುಮ್ಮನಾದರೆ ತಪ್ಪು ಸಿಕ್ಕಿದೆ ಎಂದರ್ಥ. ಚಿತ್ರವನ್ನು ಬಲದಿಂದ ಎಡಕ್ಕೆ ನಿಧಾನವಾಗಿ ನೋಡಿಕೊಂಡು ಬಂದು ನಿಂತರು.

"ಎಡಗಡೆ ಇರೋದು ಏನು?"

"ಓಣಿ."

"ನಿಮ್ಮದೋ, ಊರಿನದೋ?"

"ಊರಿನದು. ಜನ ಓಡಾಡಲಿ ಅಂತ ನಮ್ಮ ತಾತ ಅದರ ತಂಟೆಗೇ ಹೋಗಿರಲಿಲ್ಲ. ಅಂಥ ಮನುಷ್ಯ," ಎಂದು ಭಾವ ಎದೆ ಉಬ್ಬಿಸಿದರು.

"ಈಗ ಆ ಓಣಿ ಎಲ್ಲಿ?"

ಭಾವನ ಬೆರಳು ಚಿತ್ರದ ಎಡಕ್ಕೆ ಹೋಗಿ, ಈಗ ಅಕ್ಕನ ಹೊಲಿಗೆ ಕೋಣೆ ಇರುವ ಜಾಗದಲ್ಲಿ ನಿಂತಿತು. ಅವರ ಹಿಂದೆ ಯಾರೋ ಗಂಟಲು ಸರಿಮಾಡಿಕೊಂಡರು. ತಿರುಗಿ ನೋಡಿದರೆ ನಗರಸಭೆಯ ಕಟ್ಟಡ ವಿಭಾಗದ ಅಳತೆ ಸಾಹೇಬರು. ಸೊಂಟಕ್ಕೆ ಅಳತೆ ಟೇಪು ಸಿಕ್ಕಿಸಿಕೊಂಡೇ ಮದುವೆ ಮನೆಗೂ ಹೋಗುವ ಮನುಷ್ಯ. ಅವರು ಚಿತ್ರ ನೋಡಿದರು, ಪಕ್ಕದಲ್ಲಿ ಅಂಟಿಸಿದ್ದ ಭಾವನ ಪತ್ರವನ್ನು ಎರಡು ಸಲ ಓದಿದರು, ಭಾವನ ಮುಖ ನೋಡಿದರು. ಮೂಗನ್ನು ನೋಡಲಿಲ್ಲ.

ಮೂರನೇ ದಿನ ನೋಟೀಸು ಬಂತು. ಭಾವ ಕೂರುವ ಅದೇ ಕಟ್ಟಡದ ಮೂರನೇ ಮಹಡಿಯಿಂದ ಹೊರಟು, ಅಂಚೆಯಲ್ಲಿ ಊರೆಲ್ಲ ಸುತ್ತಿ ಮನೆಗೆ ಬಂತು. "ಚಿತ್ರದ ಪ್ರಕಾರ ಮನೆಯ ಎಡಪಕ್ಕ ಸಾರ್ವಜನಿಕ ಓಣಿ ಇದ್ದು, ತಾವು ಅದರ ಮೇಲೆ ಕೋಣೆ ಕಟ್ಟಿಕೊಂಡಿರುತ್ತೀರಿ. ಅಲ್ಲದೆ ಒಂದಂಗುಲವೂ ವ್ಯತ್ಯಾಸವಾಗಿಲ್ಲವೆಂದು ಬರೆದುಕೊಟ್ಟು ಸದರಿ ಕೋಣೆಯನ್ನು ಮರೆಮಾಚಿರುತ್ತೀರಿ. ಹದಿನೈದು ದಿನಗಳಲ್ಲಿ ವಿಚಾರಣೆಗೆ ಹಾಜರಾಗತಕ್ಕದ್ದು. ತಪ್ಪಿದಲ್ಲಿ ಕೋಣೆಯನ್ನು ಕೆಡವಲಾಗುವುದು." ಜೊತೆಗೆ ಫೋಟೋದ ಜೆರಾಕ್ಸ್, ಓಣಿಯ ಸುತ್ತ ಕೆಂಪು ಶಾಯಿಯ ವೃತ್ತ.

ನಮ್ಮ ಅಕ್ಕ ಆ ಕೋಣೆಯಲ್ಲಿ ಹದಿನಾಲ್ಕು ವರ್ಷದಿಂದ ಹೊಲಿಯುತ್ತಿದ್ದಳು. ಶಾಲೆಯ ಮಕ್ಕಳ ಅಂಗಿಗಳಿಂದ ಹಿಡಿದು ಆಸ್ಪತ್ರೆಯ ಪರದೆಗಳವರೆಗೆ ಅರ್ಧ ಊರು ಅವಳ ಸೂಜಿಯ ಕೆಳಗೆ ಹಾದುಹೋಗಿದೆ. ಮನೆಯಲ್ಲಿ ಅವಳದು ಎನ್ನುವ ಜಾಗ ಅದೊಂದೇ. ನೋಟೀಸು ಓದಿ ಅವಳು ಕೂಗಾಡಲಿಲ್ಲ, ಅಳಲಿಲ್ಲ. ಆ ಜೆರಾಕ್ಸನ್ನು ಹೊಲಿಗೆ ಕೋಣೆಯ ಗೋಡೆಗೆ, ಗಿರಾಕಿಗಳು ಬಟ್ಟೆ ತೊಟ್ಟು ನೋಡಿಕೊಳ್ಳುವ ದೊಡ್ಡ ಕನ್ನಡಿಯ ಸರಿ ಎದುರಿಗೆ ಅಂಟಿಸಿದಳು. ಬಂದವರೆಲ್ಲ ನೋಡಲಿ ಎಂದು. ಆಮೇಲೆ ಗಂಡನ ಜೊತೆ ನೇರವಾಗಿ ಮಾತಾಡುವುದನ್ನು ನಿಲ್ಲಿಸಿದಳು.

"ನಿಮ್ಮ ಭಾವನ್ನ ಕೇಳು," ಎಂದು ಎದುರಿಗೇ ಕೂತಿದ್ದ ಗಂಡನನ್ನು ಬಿಟ್ಟು ನನಗೆ ಹೇಳುತ್ತಿದ್ದಳು, "ತಾಮ್ರದ ಫಲಕನ ಎಲ್ಲಿ ಹೊಡೆಸ್ತಾರಂತೆ? ಗೋಡೆಗೋ, ಗೋಡೆ ಬಿದ್ದ ಜಾಗಕ್ಕೋ?"

ಭಾವ ಮನೆಯ ಪತ್ರ ಹುಡುಕಿ ತೆಗೆದರು. 'ಮನೆ ಮತ್ತು ಅದರ ಪಕ್ಕದ ಖಾಲಿ ಜಾಗ' ಎಂದಿತ್ತು. ಯಾವ ಪಕ್ಕ ಎಂದು ಕೇಳೋಣವೆಂದರೆ ಬರೆದವರು ತೀರಿಕೊಂಡು ಅರವತ್ತು ವರ್ಷವಾಗಿತ್ತು. ನಗರಸಭೆಯ ಹಳೆಯ ನಕ್ಷೆಯನ್ನು ಗೆದ್ದಲು ತಿಂದಿತ್ತು, ಅದೂ ನಮ್ಮ ಬೀದಿಯಿಂದಲೇ ಶುರುಮಾಡಿ. ಎಂಬತ್ತು ದಾಟಿದ ಒಬ್ಬ ನಿವೃತ್ತ ಪೋಸ್ಟ್‌ಮ್ಯಾನ್ ಆ ಓಣಿಯಲ್ಲಿ ತಾವು ಎಷ್ಟೋ ಸಲ ಓಡಾಡಿದ್ದಾಗಿ ಹೇಳಿದರು. ಅದು ಮನೆಯ ಯಾವ ಪಕ್ಕದಲ್ಲಿತ್ತು ಎಂದು ಕೇಳಿದ್ದಕ್ಕೆ, "ಹೋಗುವಾಗ ಬಲಕ್ಕೆ, ಬರುವಾಗ ಎಡಕ್ಕೆ," ಎಂದರು.

ಬೀದಿಯವರ ವರ್ತನೆಯೂ ಬದಲಾಯಿತು. ಬಟ್ಟೆ ಹೊಲಿಸಲು ಬಂದವರು ಕೋಣೆಯೊಳಗೆ ಕಾಲಿಡುವ ಮುಂಚೆ, ಓಣಿಯಲ್ಲಿ ಸೈಕಲ್ ಏನಾದರೂ ಬರುತ್ತಿದೆಯೇ ಎಂಬಂತೆ ಆಚೀಚೆ ನೋಡತೊಡಗಿದರು. ಒಬ್ಬ ಮಹಾಶಯರು, ಇದು ಸಾರ್ವಜನಿಕ ದಾರಿಯೆಂದು ಕೇಳಿದೆ ಎನ್ನುತ್ತಾ ಅಕ್ಕನ ಮಿಷನ್ನಿನ ಪಕ್ಕದಿಂದ ಹಿತ್ತಲಿಗೆ ಹೋಗಿಬಿಟ್ಟರು. ಅಳತೆ ಸಾಹೇಬರು ಎರಡು ಸಲ ಬಂದು ಟೇಪು ಹಿಡಿದರು. ಮೇಷ್ಟ್ರು ತಮ್ಮ ಗೇಟಿನಲ್ಲಿ ನಿಂತು ಹಿತ್ತಾಳೆಯ ಬೋರ್ಡನ್ನು ಒರೆಸಿದರು, ನಿತ್ಯಕ್ಕಿಂತ ಹೆಚ್ಚು ಹೊತ್ತು.

ವಿಚಾರಣೆಗೆ ಎರಡು ದಿನ ಉಳಿದಿತ್ತು. ಮಧ್ಯಾಹ್ನ ಅತ್ತೆ ತಮ್ಮ ರವಿಕೆಯ ಸಡಿಲವಾದ ತೋಳನ್ನು ಹೊಲಿಸಿಕೊಳ್ಳಲು ಅಕ್ಕನ ಕೋಣೆಗೆ ಬಂದರು. ಗೋಡೆಯ ಮೇಲಿದ್ದ ಜೆರಾಕ್ಸಿನ ಕಡೆ ಒಮ್ಮೆ ಕಣ್ಣು ಹಾಯಿಸಿ, "ಆ ಖದೀಮನ್ನ ಇಲ್ಲೂ ಅಂಟಿಸಿದ್ದೀಯಾ," ಎಂದು ಅದಕ್ಕೆ ಬೆನ್ನು ಮಾಡಿ ಕುರ್ಚಿಯಲ್ಲಿ ಕೂತರು. ಎದುರಿಗೆ ಕನ್ನಡಿ. ಅಕ್ಕ ದಾರ ಪೋಣಿಸುತ್ತಿದ್ದಳು. ನಾನೂ ಭಾವನೂ ಬಾಗಿಲಲ್ಲಿ ನಿಂತು, ಸಾಹೇಬರ ಕಾಲಿಗೆ ಬೀಳುವುದಾದರೆ ಕೋಣೆಯೊಳಗೋ ಹೊರಗೋ ಎಂದು ಚರ್ಚಿಸುತ್ತಿದ್ದೆವು.

ಅತ್ತೆ ಎದ್ದು ನಿಂತರು.

"ಅಪ್ಪ," ಎಂದರು.

ನಾವು ತಿರುಗಿ ನೋಡಿದೆವು. ಅತ್ತೆ ಕನ್ನಡಿಯನ್ನೇ ನೋಡುತ್ತಿದ್ದರು. ಅವರ ಭುಜದ ಮೇಲಿಂದ, ಕನ್ನಡಿಯ ಒಳಗೆ, ಜೆರಾಕ್ಸಿನ ಮುದುಕರು ನಿಂತಿದ್ದರು. ಹರಿದದ್ದು ಬಲಗಿವಿ. ಊರುಗೋಲು ಬಲಗೈಯಲ್ಲಿ.

"ಕೋಟಿನ ಮಡಿಕೆ ಸರಿ ಇದೆ," ಎಂದಳು ಅಕ್ಕ ಮೆಲ್ಲಗೆ. "ಗಂಡಸರ ಕೋಟೇ."

ನಾನು ಸ್ಟುಡಿಯೋಗೆ ಓಡಿ ಅಳಿಯನನ್ನೂ ಗಾಜಿನ ಪಟ್ಟಿಯನ್ನೂ ಕರೆತಂದೆ. ಅವನು ಗಾಜನ್ನು ಬೆಳಕಿಗೆ ಹಿಡಿದು ಈ ಕಡೆ ತಿರುಗಿಸಿದ, ಆ ಕಡೆ ತಿರುಗಿಸಿದ. ಆ ಕಡೆಯಿಂದ ನೋಡಿದರೆ ಓಣಿ ಎಡಕ್ಕೆ, ಈ ಕಡೆಯಿಂದ ನೋಡಿದರೆ ಬಲಕ್ಕೆ. "ಸಾರ್, ನೀವೇ ಅಲ್ವಾ ಮುಂದಿನ ಕಡೆಯಿಂದ ಅಂದಿದ್ದು," ಎಂದು ಭಾವನ ಮುಖ ನೋಡಿದ. ಇಡೀ ಚಿತ್ರ ತಿರುವುಮುರುವಾಗಿ ಇಳಿದಿತ್ತು. ಮನೆ ಎರಡು ಕಡೆಯೂ ಒಂದೇ ಥರ ಇದ್ದುದರಿಂದ ಯಾರಿಗೂ ಗೊತ್ತಾಗಿರಲಿಲ್ಲ. ಕಟ್ಟು ಹಾಕಿದ ನಾನಂತೂ ಅಂಚು ಬಿಟ್ಟು ಬೇರೇನೂ ನೋಡಿರಲಿಲ್ಲ. ಖಾಲಿ ಜಾಗ ನಿಜಕ್ಕೂ ಇದ್ದದ್ದು ಎಡಕ್ಕೆ, ಅಕ್ಕನ ಕೋಣೆ ಇರುವ ಕಡೆ. ಅದು ನಮ್ಮದೇ.

ಭಾವನಿಗೆ ಹೋದ ಜೀವ ಬಂತು. "ನಾಳೆ ಬೆಳಿಗ್ಗೆನೇ ಸಾಹೇಬರ ಮುಂದೆ ಗಾಜು ಇಡ್ತೀನಿ. ಓಣಿ ನಮ್ಮ ಎಡಕ್ಕಿಲ್ಲ. ಓಣಿ ಇದ್ದದ್ದು..." ಎಂದವರು ಕೈಯನ್ನು ಬಲಕ್ಕೆ ಚಾಚಿದರು. ಚಾಚಿದ ಕೈ ಮನೆಯ ಆ ತುದಿಯ ಗೋಡೆಯ ಆಚೆಗಿನ ಅಡುಗೆಮನೆಯನ್ನು ತೋರಿಸುತ್ತಿತ್ತು. ಅಲ್ಲಿ ಮೇಷ್ಟ್ರ ಹೆಂಡತಿ ಈರುಳ್ಳಿ ಹೆಚ್ಚುತ್ತಿರಬೇಕು. ಎಲ್ಲರ ಕಣ್ಣಲ್ಲೂ ನೀರಿತ್ತು.

ಹದಿಮೂರು ದಿನಗಳ ನಂತರ ಅಕ್ಕ ಗಂಡನಿಗೆ ನೇರವಾಗಿ ಮಾತಾಡಿದ್ದು ಆಗಲೇ. "ರೀ, ನನ್ನ ಮಿಷನ್ ಉಳಿಸ್ಕೊಳ್ಳೋಕೆ ಅವರ ಒಲೆ ಕೀಳಿಸ್ಬೇಕಾ? ನಾನು ಹೆರಿಗೆಗೆ ಮಲಗಿದ್ದಾಗ ಒಂದು ತಿಂಗಳು ಆ ಒಲೆ ಮೇಲೆ ಬೆಂದದ್ದನ್ನೇ ನೀವು ತಿಂದಿದ್ದು."

"ಓಣಿ ಮಾತು ಎತ್ತಿದ್ದು ಮೇಷ್ಟ್ರು ಕಣೇ."

"ಒಲೆ ಅವರದಲ್ಲ, ಅವರ ಹೆಂಡತೀದು."

ನಮ್ಮ ಕೋಣೆಯಲ್ಲಿ ಇಷ್ಟು ಜನ ಸೇರಿದ್ದನ್ನು ಕಂಡು ಅನುಮಾನಪಟ್ಟ ಮೇಷ್ಟ್ರು ಅಷ್ಟರಲ್ಲಿ ಬಾಗಿಲಿಗೇ ಬಂದು ನಿಂತಿದ್ದರು. "ಏನೋ ಪಿತೂರಿ ನಡೀತಿರೋ ಹಾಗಿದೆ," ಎಂದರು. ಅತ್ತೆ ಮಾತಾಡದೆ ಕನ್ನಡಿ ತೋರಿಸಿದರು. ಮೇಷ್ಟ್ರು ಕನ್ನಡಿ ನೋಡಿದರು, ಗೋಡೆ ನೋಡಿದರು, ಮತ್ತೆ ಕನ್ನಡಿ ನೋಡಿದರು. ಮೂವತ್ತೈದು ವರ್ಷ ಮಕ್ಕಳಿಗೆ ಲೆಕ್ಕ ಕಲಿಸಿದವರು, ಈ ಲೆಕ್ಕ ಅವರಿಗೆ ಅರ್ಧ ನಿಮಿಷವೂ ಹಿಡಿಯಲಿಲ್ಲ. ಕುರ್ಚಿ ಎಳೆದುಕೊಂಡು ಕೂತು ನೀರು ಕೇಳಿದರು.

"ಆ ಅಡುಗೆಮನೆ ಕಟ್ಟಿಸಿದ್ದು ನಮ್ಮಪ್ಪ," ಎಂದರು ನೀರು ಕುಡಿದು. "ಓಣಿ ಅಂತ ಅವರು ಯಾವತ್ತೂ ಹೇಳಿರಲಿಲ್ಲ." ಆಮೇಲೆ, "ಎಲ್ಲಿ, ಆ ಗಾಜು ಇತ್ತ ಕೊಡಪ್ಪ, ನೋಡೋಣ," ಎಂದರು.

ಸ್ಟುಡಿಯೋದವನು ಕೊಟ್ಟ. ಮೇಷ್ಟ್ರು ಅದನ್ನು ಕಣ್ಣಿನ ಮಟ್ಟಕ್ಕೆ ಎತ್ತಿದರು. ಮರುಕ್ಷಣ ಗಾಜು ನೆಲದ ಮೇಲೆ ಇಪ್ಪತ್ತು ಚೂರಾಗಿತ್ತು. "ಕೈ ಜಾರ್ತು," ಎಂದರು ಮೇಷ್ಟ್ರು. ಕೈ ಜಾರಿದ್ದೋ, ಜಾರಿಸಿದ್ದೋ ಎಂಬ ಬಗ್ಗೆ ನಮ್ಮ ಬೀದಿ ಇವತ್ತಿಗೂ ಎರಡು ಪಾಲಾಗಿದೆ. ನಾನು ಹತ್ತಿರವೇ ನಿಂತಿದ್ದೆ, ನನಗೂ ಗೊತ್ತಿಲ್ಲ. ಅತ್ತೆ ಬಗ್ಗಿ ಒಂದು ಚೂರು ಎತ್ತಿಕೊಂಡರು. ಅದರಲ್ಲಿ ಒಂದು ಕಿಟಕಿ ಮಾತ್ರ ಇತ್ತು. ಅವರು ಅದನ್ನು ಸೆರಗಿಗೆ ಕಟ್ಟಿಕೊಳ್ಳುವುದನ್ನು ನೋಡಿ ಮೇಷ್ಟ್ರು ತಲೆ ತಗ್ಗಿಸಿದರು. ಇನ್ನು ಅತ್ತೆಯ ಅಪ್ಪ ಲೋಕದಲ್ಲಿ ಉಳಿದದ್ದು ಗ್ರಂಥಾಲಯದ ಗೋಡೆಯ ಮೇಲೆ, ನಾನು ಹಾಕಿದ ಕಟ್ಟಿನೊಳಗೆ, ತಿರುವುಮುರುವಾಗಿ. ಅದು ತಿರುವುಮುರುವು ಎಂದು ಸಾಹೇಬರಿಗೆ ಹೇಳಿದರೆ ಒಲೆ ಹೋಗುತ್ತಿತ್ತು, ಹೇಳದಿದ್ದರೆ ಮಿಷನ್.

ವಿಚಾರಣೆಯ ದಿನ ಗ್ರಂಥಾಲಯದಿಂದ ಚಿತ್ರವನ್ನು ತರಿಸಿ ಅಳತೆ ಸಾಹೇಬರ ಮೇಜಿನ ಮೇಲೆ ಇಟ್ಟಿದ್ದರು. ಎದುರಿನ ಬೆಂಚಿನ ಮೇಲೆ ಭಾವ, ಅಕ್ಕ, ಅತ್ತೆ, ಮೇಷ್ಟ್ರು, ತುದಿಯಲ್ಲಿ ನಾನು. ಸಾಹೇಬರಿಗೆ ಮೊದಲ ಅನುಮಾನ ಬಂದದ್ದೇ ಬೆಂಚನ್ನು ನೋಡಿ.

"ಹದಿನೈದು ದಿನದ ಹಿಂದೆ ಕಿತ್ತಾಡ್ತಿದ್ದೋರು ಇವತ್ತು ಒಂದೇ ಬೆಂಚಲ್ಲಿ ಕೂತಿದ್ದೀರಲ್ಲ?"

"ಇರೋದು ಒಂದೇ ಬೆಂಚು ಸಾರ್," ಎಂದರು ಮೇಷ್ಟ್ರು.

"ಈ ಮನೆ ನಿಮ್ಮದು, ಈ ಮನುಷ್ಯ ನಿಮ್ಮ ತಾತ ಅಂತ ನೀವೇ ಬರ್ಕೊಟ್ಟಿದ್ದೀರಿ," ಎಂದು ಸಾಹೇಬರು ಭಾವನ ಕಡೆ ತಿರುಗಿದರು.

"ಬರ್ಕೊಟ್ಟೆ ಸಾರ್. ಗುರುತು ಕೇಳದೆ ಬರ್ಕೊಟ್ಟೆ. ಇಪ್ಪತ್ತೆರಡು ವರ್ಷದ ಸರ್ವೀಸಲ್ಲಿ ಒಂದು ಕೊಡೇನೂ ನಾನು ಹಾಗೆ ಕೊಟ್ಟವನಲ್ಲ. ಈಗ ತಮ್ಮ ಮುಂದೇನೇ ಗುರುತು ಕೇಳ್ತೀನಿ." ಭಾವ ಎದ್ದು ನಿಂತರು. ಅವರ ದನಿ ನೆಲಮಾಳಿಗೆಯ ದನಿಯಾಯಿತು. "ಅತ್ತೆ, ನಿಮ್ಮ ತಂದೆಯವರ ಗುರುತೇನು?"

"ಬಲಗಿವಿ ತುದಿ ಹರಿದಿತ್ತು. ಊರುಗೋಲು ಬಲಗೈಲಿ."

"ಚಿತ್ರದಲ್ಲಿ?"

"ಎಡಗಿವಿ. ಎಡಗೈ."

"ತಾಳೆ ಆಗಲಿಲ್ಲ," ಎಂದರು ಭಾವ. ಸಾಹೇಬರು ಭೂತಗನ್ನಡಿ ಹಿಡಿದು ಕಿವಿ ನೋಡಿದರು. "ಹಾಗಾದ್ರೆ ಇವರು ನಿಮ್ಮ ತಂದೆ ಅಲ್ವಾ ಅಮ್ಮ?"

"ಎಡಗಿವಿ ಹರಿದಿರೋ ಅಪ್ಪನ್ನ ನಾನು ಯಾವತ್ತೂ ನೋಡಿಲ್ಲ," ಎಂದರು ಅತ್ತೆ. ಅವರು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

ಅಕ್ಕ ಕೋಟಿನ ಮಡಿಕೆಯ ಬಗ್ಗೆ ಹೇಳಿದಳು. ಸಾಹೇಬರು ತಮ್ಮ ಕೋಟಿನ ಗುಂಡಿ ಮುಟ್ಟಿ ನೋಡಿಕೊಂಡು, ಚಿತ್ರ ನೋಡಿ, ಸ್ವಲ್ಪ ನಾಚಿಕೊಂಡರು. ಮೇಷ್ಟ್ರು, "ಈ ಚಿತ್ರದ ಮನೆಗೂ ಇವರ ಮನೆಗೂ ಒಂದು ಓಣಿಯಷ್ಟು ವ್ಯತ್ಯಾಸ ಇದೆ ಸಾರ್," ಎಂದರು.

"ಓಣಿ ಅಂತ ತೋರಿಸಿದ್ದೇ ನೀವಲ್ರೀ?"

"ಉತ್ತರ ಮೊದಲು ಬರೆದು ಆಮೇಲೆ ಲೆಕ್ಕ ಮಾಡಿದ್ದೆ. ಆ ತಪ್ಪಿಗೆ ನಾನು ಮಕ್ಕಳಿಗೆ ಸೊನ್ನೆ ಕೊಡ್ತಿದ್ದೆ."

ಸಾಹೇಬರು ನಮ್ಮೆಲ್ಲರನ್ನೂ ಒಬ್ಬೊಬ್ಬರಾಗಿ ನೋಡಿದರು. ಎಲ್ಲೋ ಏನೋ ಸರಿಯಿಲ್ಲ ಎಂದು ಅವರಿಗೆ ಖಂಡಿತ ಗೊತ್ತಿತ್ತು, ಆದರೆ ಅದನ್ನು ಟೇಪಿನಲ್ಲಿ ಅಳೆಯುವ ಹಾಗಿರಲಿಲ್ಲ. ಕೊನೆಗೆ ಒಂದು ಹಾಳೆಯನ್ನು ಭಾವನ ಮುಂದೆ ತಳ್ಳಿದರು. "ಈ ಮನೆ ನನ್ನದಲ್ಲ, ಈ ವ್ಯಕ್ತಿ ನನಗೆ ಸಂಬಂಧಪಟ್ಟವರಲ್ಲ ಅಂತ ಬರ್ಕೊಡಿ. ನೋಟೀಸು ವಾಪಸ್. ಫಲಕನೂ ಇಲ್ಲ."

ಮೊದಲ ವಾಕ್ಯವನ್ನು ಭಾವ ಸರಾಗವಾಗಿ ಬರೆದರು. ಎರಡನೆಯದಕ್ಕೆ ಪೆನ್ನು ನಿಂತಿತು. ಮೇಜಿನ ಮೇಲಿಂದ ತಾತ ಅವರನ್ನೇ ನೋಡುತ್ತಿದ್ದರು, ಅದೇ ಮೂಗು. ಅತ್ತೆ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡರು. ಭಾವ ಬರೆದು ಸಹಿ ಹಾಕಿದರು. ಈ ಸಲ ಕೆಳಗೆ ಗೆರೆ ಎಳೆಯಲಿಲ್ಲ.

ಗ್ರಂಥಾಲಯದವರು ಚೀಟಿ ಬದಲಾಯಿಸಿದರು: 'ಅಪರಿಚಿತ ಮನೆ, ಅಪರಿಚಿತ ವ್ಯಕ್ತಿ.' ಪ್ರದರ್ಶನ ಮುಗಿದ ಮೇಲೆ ಮೂವತ್ತೊಂಬತ್ತು ಚಿತ್ರಗಳನ್ನು ಅವರವರು ಒಯ್ದರು. ಉಳಿದ ಒಂದನ್ನು ಏನು ಮಾಡುವುದೆಂದು ತಿಳಿಯದೆ, ನಿಯಮದ ಪ್ರಕಾರ ಕಳೆದುಹೋದ ವಸ್ತುಗಳ ವಿಭಾಗಕ್ಕೆ ಕಳಿಸಿದರು. ಭಾವ ತಮ್ಮ ತಾತನನ್ನು ತಾವೇ ಕೈಯಾರೆ ನೋಂದಾಯಿಸಿಕೊಂಡರು: 'ಕಟ್ಟು ಹಾಕಿದ ಚಿತ್ರ, ಒಂದು. ಕೊಡೆಗಳ ಪಕ್ಕ ಇರಿಸಿದೆ.' ವಿಭಾಗದ ಗುಮಾಸ್ತ ಅಲ್ಲಿಯ ವಸ್ತುವನ್ನು ತಾನು ತೆಗೆದುಕೊಳ್ಳುವಂತಿಲ್ಲ. ಸಂಬಂಧವಿಲ್ಲವೆಂದು ಬರೆದುಕೊಟ್ಟವನಂತೂ ಕೇಳುವ ಹಾಗೇ ಇಲ್ಲ. ಅಳತೆ ಸಾಹೇಬರು ವಾರಕ್ಕೊಮ್ಮೆ ನೆಲಮಾಳಿಗೆಗೆ ಇಳಿದು, "ಆ ಫೋಟೋ ಕೇಳ್ಕೊಂಡು ಯಾರಾದ್ರೂ ಬಂದ್ರಾ?" ಎಂದು ವಿಚಾರಿಸುತ್ತಿದ್ದರು. ಐದನೇ ತಿಂಗಳಿಗೆ ಅವರಿಗೆ ಬೇಸರ ಬಂತು, ಇಳಿಯುವುದನ್ನು ಬಿಟ್ಟರು.

ಆರು ತಿಂಗಳು ತುಂಬುವ ದಿನ ಬೆಳಿಗ್ಗೆ ಅತ್ತೆ ನನ್ನ ಅಂಗಡಿಗೆ ಬಂದು, "ನಡಿ," ಎಂದರು. ಅವರ ಕೈಹಿಡಿದು ಮೆಟ್ಟಿಲು ಇಳಿಸಿದೆ. ಕಿಟಕಿಯ ಒಳಗೆ ಭಾವ ಕೂತಿದ್ದರು. ಅತ್ತೆಯನ್ನು ಕಂಡು ಅವರು ಎದ್ದು ನಿಲ್ಲಲಿಲ್ಲ, ಕೂರಿ ಎನ್ನಲಿಲ್ಲ. ರಿಜಿಸ್ಟರ್ ತೆಗೆದರು.

"ಏನು ಕಳೆದಿದೆ?"

"ಒಂದು ಫೋಟೋ."

"ಗುರುತೇನು?"

"ಬಾಗಿಲಲ್ಲಿ ಒಬ್ಬ ಮನುಷ್ಯ. ಬಲಗಿವಿ ತುದಿ ಹರಿದಿದೆ. ಊರುಗೋಲು ಬಲಗೈಲಿ."

ಭಾವ ಕೊಡೆಗಳ ಪಕ್ಕದಿಂದ ಚಿತ್ರ ತಂದು ಮುಂದಿಟ್ಟುಕೊಂಡರು. ಎಡಗಿವಿ, ಎಡಗೈ. "ತಾಳೆ ಆಗ್ತಿಲ್ಲ ಅತ್ತೆ," ಎಂದರು. ಕೊಡಲಿಲ್ಲ. ನನ್ನ ಡಬ್ಬಿಯನ್ನು ಕೊಡದ ಮನುಷ್ಯ ಅವರು, ತಾತನನ್ನು ಸುಮ್ಮನೆ ಕೊಟ್ಟಾರೆಯೇ?

ಅತ್ತೆ ಚೀಲಕ್ಕೆ ಕೈಹಾಕಿ ಅಂಗೈಯಗಲದ ಒಂದು ಕನ್ನಡಿ ತೆಗೆದು, ಕಿಟಕಿಯೊಳಗೆ ಚಾಚಿ, ಚಿತ್ರದ ಎದುರಿಗೆ ಹಿಡಿದರು. ಭಾವ ಬಗ್ಗಿ ಕನ್ನಡಿಯೊಳಗೆ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಷರಾ ಎಂಬ ಕಾಲಮ್ಮಿನಲ್ಲಿ 'ಗುರುತು ತಾಳೆಯಾಗಿದೆ' ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದು, ಚಿತ್ರವನ್ನು ಎರಡೂ ಕೈಯಲ್ಲಿ ಎತ್ತಿ ಅತ್ತೆಗೆ ಕೊಟ್ಟರು. ಅವರು ಅಳುತ್ತಿದ್ದರು, ಅಲ್ಲಿ ಈರುಳ್ಳಿ ಇರಲಿಲ್ಲ.

ನಾನು ಚಿತ್ರವನ್ನು ಬಟ್ಟೆಯಲ್ಲಿ ಸುತ್ತುತ್ತಿರುವಾಗ ಮೆಟ್ಟಿಲಲ್ಲಿ ಬೂಟಿನ ಸದ್ದಾಯಿತು. ಅಳತೆ ಸಾಹೇಬರು. ಸೊಂಟ ಬರಿದಾಗಿತ್ತು. ನನ್ನ ಕಂಕುಳಲ್ಲಿದ್ದ ಗಂಟನ್ನು ನೋಡಿ ನಿಂತರು.

"ಏನದು?"

"ಕನ್ನಡಿ," ಎಂದು ಅತ್ತೆ ತಮ್ಮ ಕೈಯಲ್ಲಿದ್ದುದನ್ನು ಅವರ ಮುಖಕ್ಕೇ ಹಿಡಿದರು. ಸಾಹೇಬರು ಅದರಲ್ಲಿ ಕಂಡವರನ್ನು ಅನುಮಾನದಿಂದ ನೋಡಿ, ಕ್ರಾಪು ಸರಿಮಾಡಿಕೊಂಡು, ಕಿಟಕಿಯ ಹತ್ತಿರ ಹೋದರು.

"ಏನ್ರೀ, ಮೊನ್ನೆಯಿಂದ ನನ್ನ ಟೇಪು ಕಾಣಿಸ್ತಿಲ್ಲ. ಇಲ್ಲಿಗೇನಾದ್ರೂ ಬಂದಿದೆಯಾ? ನಿಮಗೆ ಗೊತ್ತೇ ಇದೆಯಲ್ಲ, ನಿಮ್ಮ ಮನೆ ಅಳೆದೆನಲ್ಲ, ಅದೇ."

ಭಾವ ಕಣ್ಣೊರೆಸಿಕೊಂಡು ಹೊಸ ಪುಟ ತಿರುಗಿಸಿದರು.

"ಅದೇ ಅಂದ್ರೆ ಹೇಗೆ ಸಾರ್? ಒಂದಂಗುಲವೂ ವ್ಯತ್ಯಾಸ ಇರಬಾರದು," ಎಂದರು. "ಗುರುತೇನು?"